ವರ್ಲಿನ್ ಪರೀಕ್ಷಿಸಿದ ವಾಕ್ಯ

ವರ್ಲಿನ್ ಟಾಲೆಫ್ಸನ್ ಸಾಹಿತಿಯಾದದ್ದು ಒಂದು ರಸ್ತೆಗುಂಡಿಯ ದೆಸೆಯಿಂದ. ಮಿನ್ನೆಸೋಟದ ನೋರ್ಬಿ ಲೇಕ್ ಎಂಬ ಊರಿನಲ್ಲಿ ಚಳಿಗಾಲವೆಲ್ಲ ಹಿಮ ತಳ್ಳುವ ಲಾರಿ ಓಡಿಸುವುದು, ಆ ಲಾರಿ ಕಿತ್ತುಹಾಕಿದ ರಸ್ತೆಗೆ ಬೇಸಗೆಯೆಲ್ಲ ತೇಪೆ ಹಾಕುವುದು, ಇದು ಅವನ ಉದ್ಯೋಗ. ಒಂದು ವರ್ಷ ಧಾನ್ಯದ ಗೋದಾಮಿನ ಮುಂದೆ ಬಿದ್ದ ದೊಡ್ಡ ಗುಂಡಿಯನ್ನು ಕಂಡು ರೇಗಿಹೋಗಿ, ಇದನ್ನು ಮುಚ್ಚುವವರು ಯಾರೂ ಇಲ್ಲವೇ ಎಂದು ವಾರಪತ್ರಿಕೆಗೆ ನಾಲ್ಕು ಸಾಲು ಬರೆದ. ಪತ್ರಿಕೆಯವರಿಗೆ ಆ ವಾರ ಜಾಗ ತುಂಬಿಸಲು ಬೇರೇನೂ ಇರಲಿಲ್ಲ. ಒಂದಕ್ಷರವನ್ನೂ ಬದಲಿಸದೆ ಅಚ್ಚು ಹಾಕಿದರು. ವರ್ಲಿನ್ ಅದನ್ನು ಊರಿಗೆಲ್ಲ ತೋರಿಸಿದ, ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ. ಗುಂಡಿ ಮುಚ್ಚಬೇಕಾದವನು ತಾನೇ ಎಂಬುದು ಅವನಿಗೆ ಹೊಳೆಯಲೇ ಇಲ್ಲ. ಅದನ್ನು ಹೇಳಿದವಳು ಹೆಂಡತಿ ಆರ್ಡಿಸ್.

"ಅದು ಬೇರೆ ವಿಷಯ ಕಣೇ," ಎಂದ ವರ್ಲಿನ್. "ಬರವಣಿಗೆ ನೋಡು, ಬರವಣಿಗೆ!"

ಅಂದಿನಿಂದ ಅವನಿಗೆ ಕೋಡು ಮೂಡಿತು. ಅಂಗಿಯ ಜೇಬಿಗೆ ಪೆನ್ನು ಬಂತು. ಕಾಫಿ ಅಂಗಡಿಯ ತಿಂಡಿಪಟ್ಟಿಯನ್ನು ತಿದ್ದಿದ, ಚರ್ಚಿನ ಪ್ರಕಟಣೆಯನ್ನು ತಿದ್ದಿದ, ಸ್ಮಶಾನದ ಗೇಟಿನ ಬರಹವನ್ನೂ ತಿದ್ದಲು ಏಣಿ ತಂದಿದ್ದ. ಅವನು ತಿದ್ದಿದ ಮೇಲೆ ಅದು ಮೊದಲಿಗಿಂತ ಕೆಡುತ್ತಿತ್ತು ಅನ್ನುವುದು ಸಣ್ಣ ಮಾತು. ಊರವರು ತಡೆಯಲಿಲ್ಲ. ನೋರ್ಬಿ ಲೇಕ್‌ನವರು ಯಾರನ್ನೂ ಯಾವುದಕ್ಕೂ ತಡೆಯುವವರಲ್ಲ. ಪಕ್ಕದ ಮನೆಗೆ ಬೆಂಕಿ ಬಿದ್ದರೂ "ಇವತ್ತು ಸ್ವಲ್ಪ ಬೆಚ್ಚಗಿದೆ ಅಲ್ವಾ?" ಎಂದು ಕೇಳುವ ಜನ. ನೇರವಾಗಿ ಒಂದು ಪ್ರಶ್ನೆ ಕೇಳುವುದೆಂದರೆ ಅವರಿಗೆ ಇನ್ನೊಬ್ಬರ ಜೇಬಿಗೆ ಕೈ ಹಾಕಿದಂತೆ.

ಆ ನವೆಂಬರಿನಲ್ಲಿ, ಕೆರೆ ಇನ್ನೇನು ಹೆಪ್ಪುಗಟ್ಟಬೇಕು ಅನ್ನುವ ಹೊತ್ತಿಗೆ, ವರ್ಲಿನ್‌ನ ದವಡೆಹಲ್ಲು ಕೈಕೊಟ್ಟಿತು. ಅವನು ದಂತವೈದ್ಯೆ ಶುಶಾನ್ ಮನುಕ್ಯಾನ್ ಅವರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ. ಡಾಕ್ಟರ್ ಶುಶಾನ್ ಆರ್ಮೇನಿಯಾದವರು. ಸುತ್ತಲ ಐದಾರು ಊರಿಗೆ ಇವರೊಬ್ಬರೇ ಹಲ್ಲಿನ ಡಾಕ್ಟರು. ಇವರು ಬರುವುದಕ್ಕೆ ಮುಂಚೆ ಹಲ್ಲುನೋವು ಬಂದವರು ದವಡೆ ಹಿಡಿದುಕೊಂಡು ಹಿಮದಲ್ಲಿ ಅರ್ಧ ದಿನ ಕಾರು ಓಡಿಸಬೇಕಿತ್ತು.

ಹಲ್ಲಿಗೆ ಮುಚ್ಚಳದಂಥ ತಾತ್ಕಾಲಿಕ ಟೋಪಿ ಕೂರಿಸಿ, ಕಾಯಂ ಟೋಪಿಗೆ ಶುಕ್ರವಾರ ಬರಲು ಹೇಳಿ, ಡಾಕ್ಟರು ಅವನ ಬಾಯಿಯಲ್ಲಿ ಹತ್ತಿ ತುಂಬಿಟ್ಟೇ ಮಾತು ತೆಗೆದರು.

"ವರ್ಲಿನ್, ನೀವು ಬರೆಯೋರಂತೆ. ಪತ್ರಿಕೇಲೆಲ್ಲ ಬಂದಿದೆಯಂತೆ."

"ಆಆಂ," ಎಂದು ವರ್ಲಿನ್ ಕೈಯಲ್ಲೇ ವಿನಯ ತೋರಿಸಿದ.

"ನನ್ನ ಇಂಗ್ಲಿಷ್ ಪುಸ್ತಕದಿಂದ ಕಲಿತದ್ದು. ಒಂದು ವಾಕ್ಯ ಬರೆದಿದ್ದೀನಿ. ಸೋಮವಾರ ಬಾಗಿಲಿಗೆ ಅಂಟಿಸಬೇಕು. ವ್ಯಾಕರಣ ಸರಿ ಇದೆಯಾ, ಇಲ್ಲಿಯವರು ಹೇಳೋ ಹಾಗೆ ಸಹಜವಾಗಿದೆಯಾ, ಶುಕ್ರವಾರ ಬಂದಾಗ ಹೇಳ್ತೀರಾ? ನಾನು ಕೇಳಿದೆ ಅಂತ ಯಾರಿಗೂ ಹೇಳಬೇಡಿ. ನಾಚಿಕೆ ಆಗುತ್ತೆ."

ಜನ್ಮದಲ್ಲಿ ಮೊದಲ ಸಲ ಓದಿದವರೊಬ್ಬರು ತನ್ನನ್ನು ವ್ಯಾಕರಣ ಕೇಳಿದ್ದು! ವರ್ಲಿನ್ ಹತ್ತಿಯನ್ನು ನುಂಗುವುದೊಂದು ಬಾಕಿ. ಕಾಗದವನ್ನು ಎದೆಗೆ ಒತ್ತಿಕೊಂಡು ಹೊರಬಿದ್ದ. ಲಾರಿಯಲ್ಲಿ ಕೂತು ಓದಿದ. ಅದರಲ್ಲಿ ಇದ್ದದ್ದು ಇಷ್ಟು:

"ನೀವೆಲ್ಲ ತೋರಿಸಿದ ಒಳ್ಳೆಯತನಕ್ಕೆ ನಾನು ಋಣಿ, ಆದರೆ ಇಲ್ಲಿ ನನ್ನನ್ನು ನಿಜವಾಗಿ ಬಲ್ಲವರು ಯಾರೂ ಇಲ್ಲದ್ದರಿಂದ ಈ ತಿಂಗಳ ಕೊನೆಗೆ ಹೊರಟುಹೋಗುತ್ತಿದ್ದೇನೆ."

ನಿಮಗೆ ಅರ್ಥವಾಯಿತು. ನನಗೂ ಅರ್ಥವಾಯಿತು. ಡಾಕ್ಟರು ಊರು ಬಿಡುತ್ತಿದ್ದಾರೆ. ಮೂರು ವರ್ಷದಿಂದ ನೋರ್ಬಿ ಲೇಕ್‌ನವರು ಅವರನ್ನು ಕಂಡಾಗಲೆಲ್ಲ ಕೈಬೀಸಿದ್ದಾರೆ, ಅವರ ಬಾಗಿಲ ಹಿಮ ಬಳಿದು ಕೊಟ್ಟಿದ್ದಾರೆ, ಮೆಟ್ಟಿಲ ಮೇಲೆ ಗೊತ್ತಾಗದ ಹಾಗೆ ಕುಂಬಳಕಾಯಿ ಇಟ್ಟು ಓಡಿದ್ದಾರೆ. ಆದರೆ "ಒಳಗೆ ಬನ್ನಿ" ಎಂದು ಒಬ್ಬರೂ ಕರೆದಿಲ್ಲ. ಶುಶಾನ್ ಅವರ ಸೀಮೆಯಲ್ಲಿ ಮೀಟರ್ ಓದಲು ಬಂದವನನ್ನೂ ಕೂರಿಸಿ ಉಣ್ಣಿಸದೆ ಕಳಿಸುವುದಿಲ್ಲ. ಇಲ್ಲಿ ಇವರು ಊರಿನ ಎಲ್ಲರ ಬಾಯಿಯ ಒಳಗನ್ನು ನೋಡಿದ್ದಾರೆ, ಒಬ್ಬರ ಮನೆಯ ಒಳಗನ್ನೂ ನೋಡಿಲ್ಲ. ಪೇಟೆಯ ದೊಡ್ಡ ಆಸ್ಪತ್ರೆಯೊಂದು ಕರೆದಿತ್ತು. ಸೋಮವಾರ ಅವರಿಗೆ ಒಪ್ಪಿಗೆ ಹೇಳಬೇಕಿತ್ತು.

ಇಷ್ಟೆಲ್ಲ ಆ ಒಂದು ವಾಕ್ಯದಲ್ಲಿತ್ತು. ವರ್ಲಿನ್‌ಗೆ ಕಂಡದ್ದು ಅಲ್ಪವಿರಾಮ.

"ಇದು ಇಲ್ಲಿರಬೇಕಾ, ಅಲ್ಲಿರಬೇಕಾ?" ಎಂದು ಅವನು ಆ ಅಲ್ಪವಿರಾಮವನ್ನು ನೊಣವನ್ನು ನೋಡುವ ಹಾಗೆ ದಿಟ್ಟಿಸಿದ. ಸತ್ಯ ಹೇಳಬೇಕೆಂದರೆ ಅವನಿಗೆ ವ್ಯಾಕರಣದ ಗಂಧಗಾಳಿ ಇರಲಿಲ್ಲ. ಯಾರನ್ನಾದರೂ ಕೇಳಬೇಕು. ಕೇಳಿದರೆ ತನಗೆ ಗೊತ್ತಿಲ್ಲ ಅನ್ನುವುದು ಬಯಲಾಗುತ್ತದೆ, ಡಾಕ್ಟರ ಗುಟ್ಟೂ ಬಯಲಾಗುತ್ತದೆ. ತಲೆ ಕೆರೆದುಕೊಂಡು ಒಂದು ಉಪಾಯ ಹೂಡಿದ: ವಾಕ್ಯ ತನ್ನದೇ ಅಂದುಬಿಟ್ಟರಾಯಿತು! ಬರೆದವನು ನಾಲ್ಕು ಜನಕ್ಕೆ ಓದಿಹೇಳುವುದರಲ್ಲಿ ತಪ್ಪೇನು?

ಮೊದಲು ಹೋದದ್ದು ಮಿಸ್ ಯೂನಿಸ್ ಹೋಲ್ಮ್ ಅವರ ಮನೆಗೆ. ಅರ್ಧ ಊರಿಗೆ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ವರ್ಲಿನ್‌ನನ್ನು ಒಂದೇ ತರಗತಿಯಲ್ಲಿ ಎರಡು ಸಲ ಕೂರಿಸಿದ ಕೀರ್ತಿಯೂ ಅವರದೇ. ಕನ್ನಡಕ ಏರಿಸಿ ಓದಿದರು. ಕನ್ನಡಕ ಇಳಿಸಿದರು. ಮತ್ತೆ ಏರಿಸಿ ಓದಿದರು.

"ಇದು ನೀನು ಬರೆದದ್ದಾ?"

"ಹೂಂ ಟೀಚರ್. ನಾನೇ."

"ಆರ್ಡಿಸ್‌ಗೆ ತೋರಿಸಿದ್ದೀಯಾ?"

"ಅವಳಿಗ್ಯಾಕೆ? ಅವಳಿಗೆ ಇದೆಲ್ಲ ಎಲ್ಲಿ ಅರ್ಥ ಆಗುತ್ತೆ! ಸೋಮವಾರ ಊರವರೆಲ್ಲ ಓದ್ತಾರಲ್ಲ, ಅವಳೂ ಆವಾಗ್ಲೇ ಓದ್ಕೊಳ್ಲಿ."

ಮಿಸ್ ಯೂನಿಸ್ ಕಾಗದವನ್ನು ಮಡಚಿ ಅವನ ಕೈಗಿಟ್ಟರು. ಬೇರೆ ಊರಿನ ಟೀಚರಾಗಿದ್ದರೆ ಅವನ ಕಿವಿ ಹಿಡಿದು "ಯಾಕೋ ಹೆಂಡತೀನ ಬಿಟ್ಟು ಹೋಗ್ತೀಯಾ?" ಎಂದು ಕೇಳುತ್ತಿದ್ದರು. ಇವರು ನೋರ್ಬಿ ಲೇಕ್‌ನವರು. ಹೊರಗೆ ನೋಡಿದರು.

"ಗಾಳಿ ಎದ್ದ ಹಾಗಿದೆ," ಎಂದರು.

"ಅದಿರ್ಲಿ. ವಾಕ್ಯ ಹೇಗಿದೆ ಟೀಚರ್?"

"ವಾಕ್ಯ... ವಾಕ್ಯದಲ್ಲಿ ತಪ್ಪೇನಿಲ್ಲ."

"ಸಹಜವಾಗಿದೆಯಾ?"

"ನಿನ್ನ ವಯಸ್ಸಿನ ಗಂಡಸರಲ್ಲಿ ಹೀಗಾಗುತ್ತೆ ಅಂತ ಕೇಳಿದ್ದೀನಿ," ಎಂದು ಮಿಸ್ ಯೂನಿಸ್ ಕರವಸ್ತ್ರ ತೆಗೆದರು. "ಕೂತ್ಕೋ ವರ್ಲಿನ್. ಸೇಬಿನ ಪೈ ಇದೆ. ಎರಡು ತುಂಡು ತಗೋ. ಇಲ್ಲಿ ನಿನ್ನನ್ನ ಬಲ್ಲವರು ಇಲ್ಲ ಅಂತ ಅಂದ್ಕೋಬೇಡ. ನಿನ್ನ ಕಾಗುಣಿತ ನನಗೆ ಗೊತ್ತಿರೋ ಹಾಗೆ ಯಾರಿಗೂ ಗೊತ್ತಿಲ್ಲ."

ಶಾಲೆಯಲ್ಲಿ ಒಂದು ಶಹಬ್ಬಾಸ್ ಕೊಡದ ಟೀಚರು ಈಗ ಕಣ್ಣೀರು ಹಾಕುವಷ್ಟು ಮೆಚ್ಚಿದರೆಂದು ವರ್ಲಿನ್ ಉಬ್ಬಿಹೋದ. ಇನ್ನೊಂದು ಅಭಿಪ್ರಾಯವೂ ಇರಲಿ ಎಂದು ಕಾಫಿ ಅಂಗಡಿಗೆ ನಡೆದ. ಅಲ್ಲಿ ಗೇಲೆನ್ ಸ್ಟ್ರೂಬ್ ಇದ್ದ. ಗೇಲೆನ್ ಊರಿನ ಮೇಯರು. ಬಿಡುವಿನಲ್ಲಿ ಹುಲ್ಲು ಕತ್ತರಿಸುವ ಯಂತ್ರ ರಿಪೇರಿ ಮಾಡುತ್ತಾನೆ, ಅಥವಾ ಅದರ ಬಿಡುವಿನಲ್ಲಿ ಮೇಯರಾಗಿರುತ್ತಾನೆ. ವಾಕ್ಯ ಓದಿದವನೇ ಬಾಯಿಗೆ ಹಾಕಿದ ಬನ್ನನ್ನು ಹಾಗೇ ಇಟ್ಟುಕೊಂಡು ಕೂತ.

"ಹೇಗಿದೆ?" ಎಂದ ವರ್ಲಿನ್.

"ಏನೂ... ಪರವಾಗಿಲ್ಲ. ಅಲ್ಲ ವರ್ಲಿನ್, ಮುಂದಿನ ಬೇಸಗೆ ಮೆರವಣಿಗೇಲಿ ಮೊದಲನೇ ಗಾಡಿ ಮೇಲೆ ಯಾರನ್ನ ಕೂರಿಸೋದು ಅಂತ ಯೋಚನೆ ಮಾಡ್ತಿದ್ದೆ. ನೀನೇ ಕೂತ್ಕೋಬಾರ್ದಾ? ಬೇಸಗೇಲಿ... ಊರಲ್ಲಿ ಇದ್ರೆ?"

"ನಾನಾ? ಒಂದು ವಾಕ್ಯಕ್ಕೆ ಇಷ್ಟಾ?"

"ವಾಕ್ಯ ಹಾಗಿದೆಯಲ್ಲಪ್ಪಾ," ಎಂದು ಗೇಲೆನ್ ಮುಖ ಆಚೆ ತಿರುಗಿಸಿದ.

ಸಾಯಂಕಾಲದೊಳಗೆ ವರ್ಲಿನ್ ಆ ಕಾಗದವನ್ನು ಪಾದ್ರಿಗೆ ತೋರಿಸಿದ, ಅಂಚೆಯವಳಿಗೆ ತೋರಿಸಿದ, ಕ್ಷೌರ ಮಾಡಿಸಿಕೊಳ್ಳುತ್ತಾ ಕನ್ನಡಿಯಲ್ಲಿ ತೋರಿಸಿದ. ಎಲ್ಲರೂ ವಾಕ್ಯ ಚೆನ್ನಾಗಿದೆ ಅಂದರು, ಎಲ್ಲರೂ ಒಳಗೆ ಕರೆದು ಏನಾದರೂ ತಿನ್ನಿಸಿದರು. ಇಡೀ ಊರಿಗೆ ಆ ವಾಕ್ಯ ಬಾಯಿಪಾಠವಾಯಿತು.

ಆಮೇಲೆ ಆರ್ಡಿಸ್‌ಳ ಮನೆಗೆ ಹಾಟ್‌ಡಿಶ್‌ಗಳು ಬರತೊಡಗಿದವು. ಹಾಟ್‌ಡಿಶ್ ಅಂದರೆ ಕೈಮಾ, ಡಬ್ಬಿಯ ಅಣಬೆ ಸೂಪು, ಮೇಲೆ ಆಲೂಗೆಡ್ಡೆಯ ಹೊದಿಕೆ ಹಾಕಿ ಒಲೆಯಲ್ಲಿ ಬೇಯಿಸಿದ ಒಂದು ದೊಡ್ಡ ತಟ್ಟೆ. ಆ ಊರಿನಲ್ಲಿ ಸಾವಿರ ಮಾತು ಆಡಬೇಕಾದ ಕಡೆ ಇದೊಂದನ್ನು ಕೊಟ್ಟು ಹೋಗುತ್ತಾರೆ. ಯಾರಾದರೂ ಸತ್ತರೆ ಒಂದು ಕೊಡುತ್ತಾರೆ, ಮನೆ ಮುರಿದರೆ ಎರಡು. ಆರ್ಡಿಸ್‌ಗೆ ಮೊದಲ ಎರಡು ತಟ್ಟೆ ಕಂಡಾಗ ಅಚ್ಚರಿಯಾಯಿತು, ಐದನೆಯದಕ್ಕೆ ತಂದವಳನ್ನೇ ಹಿಡಿದು ನಿಲ್ಲಿಸಿದಳು.

"ಏನು ಲವಾನ್, ಏನು ವಿಶೇಷ?" ಎಂದಳು ಪಕ್ಕದ ಮನೆಯವಳಿಗೆ.

"ಅಯ್ಯೋ, ಏನಿಲ್ಲ ಆರ್ಡಿಸ್. ಹೇಗೂ ಒಲೆ ಬಿಸಿ ಇತ್ತು."

"ಎಲ್ಲರ ಒಲೇನೂ ಒಂದೇ ದಿನ ಬಿಸಿ ಆಯ್ತಾ?"

ಲವಾನ್ ಬಾಗಿಲಿಗೆ ಒರಗಿದಳು, ಎರಡು ಸಲ ಕೆಮ್ಮಿದಳು, ಹವಾಮಾನ ನೋಡಿದಳು. "ನಿಮ್ಮ ವರ್ಲಿನ್ ಏನೋ ಬರೆದಿದ್ದಾನಂತೆ. ಚೆನ್ನಾಗಿ ಬರೆದಿದ್ದಾನೆ ಅಂತ ಎಲ್ಲರೂ ಅಂತಾರೆ. ಟೀಚರೇ ತಪ್ಪಿಲ್ಲ ಅಂದ್ರಂತೆ." ಅಷ್ಟು ಹೇಳಿದವಳು ಪೂರ್ತಿ ವಾಕ್ಯವನ್ನು ಶಾಲೆಯ ಹುಡುಗಿಯ ಹಾಗೆ ಒಪ್ಪಿಸಿ, ಓಡಿಹೋದಳು.

ಆರ್ಡಿಸ್ ತಟ್ಟೆ ಹಿಡಿದುಕೊಂಡು ಅಡುಗೆಮನೆಯಲ್ಲಿ ನಿಂತೇ ಇದ್ದಳು. ನಲವತ್ತು ವರ್ಷ ಇವನ ಕಾಲುಚೀಲ ಒಗೆದಿದ್ದಾಳೆ. ಇಲ್ಲಿ ಇವನನ್ನು ಬಲ್ಲವರು ಯಾರೂ ಇಲ್ಲವಂತೆ! ಕೇಳಿಬಿಡಬಹುದಿತ್ತು. ಆದರೆ ಅವಳೂ ಆ ಊರಿನಲ್ಲೇ ಹುಟ್ಟಿದವಳು. ಕೇಳುವ ಬದಲು ಮದುವೆಯಲ್ಲಿ ಬಂದ ಒಳ್ಳೆಯ ತಟ್ಟೆಗಳನ್ನು ಹೊರತೆಗೆದಳು.

"ಏನು ಆರ್ಡಿಸ್, ಯಾರಾದ್ರೂ ಬರ್ತಿದ್ದಾರಾ?" ಎಂದ ವರ್ಲಿನ್, ಊಟಕ್ಕೆ ಕೂತು.

"ಇಲ್ಲ."

"ಇಷ್ಟೊಂದು ಹಾಟ್‌ಡಿಶ್?"

"ಜನ ಕೊಟ್ರು."

"ಒಳ್ಳೇ ಜನ," ಎಂದು ವರ್ಲಿನ್ ಬಡಿಸಿಕೊಂಡ. ಒಂದು ವಾಕ್ಯಕ್ಕೆ ಊರು ಈ ಪರಿ ಮರ್ಯಾದೆ ಮಾಡುವುದಾದರೆ ಇನ್ನೂ ಮೊದಲೇ ಬರೆಯಬೇಕಿತ್ತು.

ಆರ್ಡಿಸ್ ಉಪ್ಪಿನ ಡಬ್ಬಿಯನ್ನು ಅವನತ್ತ ತಳ್ಳಿದಳು. "ವರ್ಲಿನ್, ನಾನು ಯಾರು ಅಂತ ನಿನಗೆ ಗೊತ್ತಾ?"

ವರ್ಲಿನ್ ಗಾಬರಿಯಿಂದ ಅವಳ ಮುಖ ನೋಡಿದ. "ಆರ್ಡಿಸ್ ಅಲ್ವಾ?"

ಅವಳು ಎದ್ದು ಹೋಗಿ ನಲ್ಲಿಯನ್ನು ಜೋರಾಗಿ ಬಿಟ್ಟು ಪಾತ್ರೆ ಉಜ್ಜತೊಡಗಿದಳು. ಆ ಸದ್ದಿನಲ್ಲಿ ಮೂಗು ಸೀಟಿದ್ದು ಕೇಳಿಸಲಿಲ್ಲ.

ಮಾರನೆಯ ದಿನ ಅವಳ ಅಣ್ಣ ಆರ್ವಿಲ್ ಬಂದ. ಆರ್ವಿಲ್‌ಗೆ ವರ್ಲಿನ್‌ನ ಮೀನು ಗುಡಿಸಲಿನ ಮೇಲೆ ಬಹಳ ದಿನದಿಂದ ಕಣ್ಣು. ಹೆಪ್ಪುಗಟ್ಟಿದ ಕೆರೆಯ ಮೇಲೆ ಎಳೆದುಕೊಂಡು ಹೋಗಿ, ಒಳಗೆ ಒಲೆ ಹಚ್ಚಿಕೊಂಡು, ಮಂಜುಗಡ್ಡೆಗೆ ತೂತು ಕೊರೆದು ಮೀನು ಹಿಡಿಯುವ ಪುಟ್ಟ ಮರದ ಗೂಡು ಅದು.

"ಈ ಚಳಿಗಾಲ ಗುಡಿಸಲು ನಾನು ನೋಡ್ಕೋತೀನಿ ಬಿಡು ಭಾವ," ಎಂದ ಆರ್ವಿಲ್. "ಆ ಕೊರೆಯೋ ಯಂತ್ರಾನೂ ಕೊಟ್ಬಿಡು."

"ಯಾಕೆ?"

"ಯಾಕೂ ಇಲ್ಲ. ನಿನಗೆ ಬೇರೆ ಕೆಲಸ ಇರುತ್ತಲ್ಲ... ಅಲ್ಲಿ."

ಬರೆಯುವವನಿಗೆ ಪುರುಸೊತ್ತು ಬೇಕು ಅನ್ನುವುದು ಈ ದಡ್ಡ ಆರ್ವಿಲ್‌ಗೂ ಹೊಳೆಯಿತಲ್ಲ ಎಂದು ವರ್ಲಿನ್ ಮನಸ್ಸು ಕರಗಿ ಯಂತ್ರವನ್ನು ಕೊಟ್ಟೇಬಿಟ್ಟ. ಗಂಡ ಪ್ರಾಣಕ್ಕಿಂತ ಹೆಚ್ಚಾಗಿ ಕಾಪಾಡಿದ್ದ ಯಂತ್ರ ಗೇಟು ದಾಟಿ ಹೋಗುವುದನ್ನು ಕಿಟಕಿಯಿಂದ ಆರ್ಡಿಸ್ ನೋಡಿದಳು. ಇನ್ನು ಅನುಮಾನ ಉಳಿಯಲಿಲ್ಲ. ಅವಳು ಅಟ್ಟದಿಂದ ಅವನ ಸೂಟ್‌ಕೇಸ್ ಇಳಿಸಿ, ಧೂಳು ಒರೆಸಿ, ಅವನ ಹಾಸಿಗೆಯ ಮೇಲೆ ಇಟ್ಟಳು. ರಾತ್ರಿ ವರ್ಲಿನ್ ಅದನ್ನು ಕೆಳಗಿಳಿಸಿ ಮಲಗಿದ. ಹೆಂಗಸರು ಮನೆ ಚೊಕ್ಕಟ ಮಾಡುವಾಗ ಅಡ್ಡ ಬರಬಾರದು ಎಂಬುದು ಅವನ ಸಿದ್ಧಾಂತ.

ಶುಕ್ರವಾರ ಮಧ್ಯಾಹ್ನ ಅವನು ಸೆಟೆದುಕೊಂಡು ದಂತವೈದ್ಯರಲ್ಲಿಗೆ ಹೋದ. ಕುರ್ಚಿಗೆ ಒರಗುವ ಮೊದಲೇ ತೀರ್ಪು ಕೊಟ್ಟ.

"ಡಾಕ್ಟರೇ, ನಿಮ್ಮ ವಾಕ್ಯ ನೂರಕ್ಕೆ ನೂರು ಸರಿ! ನಾನೊಬ್ಬನೇ ಹೇಳ್ತಿಲ್ಲ, ಇಡೀ ಊರೇ ಹೇಳ್ತಿದೆ."

ಡಾಕ್ಟರ್ ಶುಶಾನ್ ಕೈಗವಸು ಹಾಕಿಕೊಳ್ಳುತ್ತಿದ್ದವರು ನಿಂತರು. "ಇಡೀ ಊರಾ? ಎಲ್ಲರೂ ಓದಿದ್ರಾ?"

"ಕಾಫಿ ಅಂಗಡಿಯಿಂದ ಹಿಡಿದು ಚರ್ಚಿನವರೆಗೆ. ನಿಮ್ಮ ಹೆಸರು ಎತ್ತಿಲ್ಲ ಬಿಡಿ, ಎತ್ತದೇನೇ..."

"ಬಾಗಿಲಿಗೆ ಅಂಟಿಸೋ ಮಾತು ಬೇರೆ ಯಾರದಾಗಿರುತ್ತೆ? ಎಲ್ಲರಿಗೂ ಗೊತ್ತಾಗಿರುತ್ತೆ." ಅವರ ಧ್ವನಿ ಇಳಿಯಿತು. "ಏನಂದ್ರು?"

"ಚೆನ್ನಾಗಿದೆ ಅಂದ್ರು! ಒಬ್ಬರೂ ಒಂದಕ್ಷರ ಬದಲಾಯಿಸು ಅನ್ನಲಿಲ್ಲ!"

ಡಾಕ್ಟರು ಸೂಜಿ ಹಾಕಿದರು. ವರ್ಲಿನ್‌ಗೆ ಹಲ್ಲಿನ ಕೆಲಸವೆಂದರೆ ಕೈಕಾಲು ನಡುಕ; ಟೋಪಿ ಕೂರಿಸುವುದಕ್ಕೂ ಮರಗಟ್ಟಿಸಲೇಬೇಕು. ನಾಲಗೆ ದಪ್ಪಗಾಯಿತು, ತುಟಿ ಯಾರದೋ ತುಟಿಯಾಯಿತು. ಆಗ ಡಾಕ್ಟರು ಹಳೆಯ ಟೋಪಿ ತೆಗೆಯುತ್ತಾ ಮೆಲ್ಲಗೆ ಹೇಳಿದರು.

"ನಾನು ಊರು ಬಿಟ್ಟು ಹೋಗ್ತಿದ್ದೀನಿ ಅಂತ ಎಲ್ಲರೂ ಓದಿದ್ರು. ಯಾಕೆ ಅಂತ ಕೇಳೋಕೆ ಒಬ್ಬರೂ ಬರಲಿಲ್ಲ. ನಿಜ ಹೇಳ್ತೀನಿ ವರ್ಲಿನ್, ಮೂಲೆಯಲ್ಲಿ ಒಂಚೂರು ಆಸೆ ಇತ್ತು. ಅದೂ ಹೋಯ್ತು. ಸೋಮವಾರ ಬೆಳಗ್ಗೆ ಅಂಟಿಸ್ತೀನಿ."

ವರ್ಲಿನ್ ಮೇಲಿನ ದೀಪವನ್ನೇ ನೋಡುತ್ತಿದ್ದ. ಆ ವಾಕ್ಯ ಅವನ ಕಣ್ಣ ಮುಂದೆ ಬಂತು. ಅಲ್ಪವಿರಾಮ ಪಕ್ಕಕ್ಕೆ ಸರಿಯಿತು. ಮಿಕ್ಕದ್ದು ಕಾಣಿಸಿತು. ಯಾರೋ ಹೊರಟುಹೋಗುತ್ತಿದ್ದಾರೆ. ಇವರು! ಇವರು ಹೊರಟುಹೋಗುತ್ತಿದ್ದಾರೆ! ನಾಲ್ಕು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದ ಬೆಪ್ಪುತಕ್ಕಡಿಗೆ ಆ ಕ್ಷಣ ಬೆವರು ಕಿತ್ತುಕೊಂಡಿತು.

"ಆಆ! ಆಆಆ!" ಎಂದು ಕೈ ಬೀಸಿದ.

"ನೋವಾಗ್ತಿದೆಯಾ? ಇರಿ," ಎಂದು ಡಾಕ್ಟರು ಇನ್ನೊಂದು ಸೂಜಿ ಹಾಕಿದರು.

ಹೊರಗೆ ಬಂದಾಗ ಅವನ ಮುಖದ ಕೆಳಭಾಗ ಅವನ ಸುಪರ್ದಿನಲ್ಲಿರಲಿಲ್ಲ. ಬಾಗಿಲಲ್ಲೇ ಗೇಲೆನ್ ಕಾಯುತ್ತಿದ್ದ. "ಒಂದು ನಿಮಿಷ ಚರ್ಚಿಗೆ ಬಂದು ಹೋಗು ವರ್ಲಿನ್, ಏನೋ ಸಣ್ಣ ಕೆಲಸ," ಎಂದು ತೋಳು ಹಿಡಿದು ಎಳೆದುಕೊಂಡು ಹೋದ.

ಚರ್ಚಿನ ನೆಲಮಾಳಿಗೆಯಲ್ಲಿ ಊರೇ ನೆರೆದಿತ್ತು. ಉದ್ದ ಮೇಜಿನ ತುಂಬ ಹಾಟ್‌ಡಿಶ್. ಗೋಡೆಗೆ ದೊಡ್ಡ ಬಟ್ಟೆ: "ವರ್ಲಿನ್, ನಾವು ನಿನ್ನನ್ನು ಬಲ್ಲೆವು." ಅದರ ಕೆಳಗೆ ಆರ್ಡಿಸ್, ಚರ್ಚಿಗೆ ಹೋಗುವ ಬಟ್ಟೆ ಹಾಕಿಕೊಂಡು, ಕೈಚೀಲವನ್ನು ಗುರಾಣಿಯ ಹಾಗೆ ಹಿಡಿದು ಕೂತಿದ್ದಳು.

ಮೊದಲು ಪಾದ್ರಿ ಎದ್ದರು. "ವರ್ಲಿನ್, ಎರಡನೇ ಹಾಡಿನ ಹೊತ್ತಿಗೆ ನಿನಗೆ ನಿದ್ದೆ ಹತ್ತುತ್ತೆ. ನನಗೆ ಗೊತ್ತು. ನಾನು ನಿನ್ನ ಬಲ್ಲೆ."

"ಈರುಳ್ಳಿ ತಿಂದ್ರೆ ನಿನಗೆ ಆಗಲ್ಲ," ಎಂದಳು ಲವಾನ್. "ನಮ್ಮನೆಗೂ ಕೇಳಿಸುತ್ತೆ. ನಾನು ನಿನ್ನ ಬಲ್ಲೆ."

"ಹೋದ ವರ್ಷ ನನ್ನ ಅಂಚೆಪೆಟ್ಟಿಗೆಯನ್ನ ಲಾರಿಯಲ್ಲಿ ಗುದ್ದಿದ್ದು ನೀನೇ," ಎಂದ ಗೇಲೆನ್. "ನನಗೆ ಗೊತ್ತಿತ್ತು. ಹೇಳಿಲ್ಲ ಅಷ್ಟೇ."

"ಅಂ ಅಲ್ಲ! ಅಂ ಅಲ್ಲ!" ಎಂದು ವರ್ಲಿನ್ ಎರಡೂ ಕೈ ಆಡಿಸಿದ. ವಾಕ್ಯ ನಂದಲ್ಲ ಅನ್ನುವುದು ಅವನ ಅಭಿಪ್ರಾಯ. ತುಟಿಯ ಕೊನೆಯಿಂದ ಜೊಲ್ಲು ಇಳಿಯಿತು. ಪಾಪ, ಗಂಟಲು ಕಟ್ಟಿ ಮಾತೇ ಬರುತ್ತಿಲ್ಲ ಎಂದು ಅಂಚೆಯವಳು ಅಳತೊಡಗಿದಳು. ಆರ್ವಿಲ್ ಕೂಡ ತಲೆ ತಗ್ಗಿಸಿ, "ಯಂತ್ರ ಬೇಕಾದ್ರೆ ವಾಪಸ್ ತಗೋ ಭಾವ," ಎಂದ. ಮನಸ್ಸಿನಲ್ಲಿ ಬೇಡವೆನ್ನಲಿ ದೇವರೇ ಎಂದುಕೊಂಡ.

ಆರ್ಡಿಸ್ ದಡಕ್ಕನೆ ಎದ್ದಳು. ಕುರ್ಚಿ ಹಿಂದಕ್ಕೆ ಬಿತ್ತು.

"ಸಾಕು! ನನಗೆ ಈ ಸುತ್ತುಬಳಸಿನ ಮಾತು ಸಾಕಾಗಿದೆ! ಹೋಗ್ತೀಯಾ? ಹೋಗು! ಆದ್ರೆ ನಿನ್ನನ್ನ ಬಲ್ಲವರಿಲ್ಲ ಅಂತ ಮಾತ್ರ ಬರೀಬೇಡ ವರ್ಲಿನ್! ನಿನ್ನ ಎಡಗಾಲಿನ ಆಣಿ ಯಾವಾಗ ನೋಯುತ್ತೆ ಅಂತ ನಿನಗಿಂತ ಮುಂಚೆ ನನಗೆ ಗೊತ್ತಾಗುತ್ತೆ! ನಿನ್ನನ್ನ ಕಟ್ಕೊಂಡು ಅತ್ತಿದ್ದೀನಿ, ನಕ್ಕಿದ್ದೀನಿ, ನಿನ್ನ ಆ ಹಾಳು ಗುಂಡಿ ಕಾಗದಾನ ದಿನಾ ಧೂಳು ಒರೆಸಿದ್ದೀನಿ. ನೀನು ಹೋದ್ರೆ ನನಗೆ ಮನೆ ಖಾಲಿ ಅನ್ಸುತ್ತೆ. ಹೇಳ್ಬಿಟ್ಟೆ!"

ಅಷ್ಟು ಜನರ ಮುಂದೆ ಅಷ್ಟು ಮಾತನ್ನು ಆ ಊರಿನಲ್ಲಿ ಯಾರೂ ಆಡಿದ್ದಿಲ್ಲ. ವರ್ಲಿನ್ ಅವಳ ಎರಡೂ ಕೈ ಹಿಡಿದುಕೊಂಡ. ಕಣ್ಣಲ್ಲಿ ನೀರು ತುಂಬಿಕೊಂಡು, ಮರಗಟ್ಟಿದ ನಾಲಗೆಯನ್ನು ಹೊರಳಿಸುತ್ತಾ, "ಊಊ ಆಕ್ಕ ಅಅಲ್ಲ ಓಓ" ಎಂಬುದಾಗಿ ದೀರ್ಘವಾಗಿ ಏನೋ ನಿವೇದಿಸಿದ.

ಬೇರೆ ಯಾರಿಗೂ ಒಂದು ಪದವೂ ಹತ್ತಲಿಲ್ಲ. ಆದರೆ ಆರ್ಡಿಸ್ ನಲವತ್ತು ವರ್ಷ ಬಾಯಿ ತುಂಬ ಊಟ ಇಟ್ಟುಕೊಂಡು ಮಾತಾಡುವ ಗಂಡನ ಎದುರು ಕೂತು ಉಂಡವಳು. ಕಿವಿ ಕೊಟ್ಟು ಪೂರ್ತಿ ಕೇಳಿದಳು. ಅವಳ ಮುಖ ಕೆಂಪಾಯಿತು, ಬೆಳ್ಳಗಾಯಿತು.

"ವಾಕ್ಯ ಇವನದಲ್ಲವಂತೆ," ಎಂದಳು ಊರಿಗೆ. "ಡಾಕ್ಟರ್ ಶುಶಾನ್‌ದಂತೆ. ತಪ್ಪಿದೆಯಾ ನೋಡು ಅಂತ ಕೊಟ್ಟಿದ್ರಂತೆ. ಇವನು ಎಲ್ಲಿಗೂ ಹೋಗ್ತಿಲ್ಲ. ಅವರು ಹೋಗ್ತಿದ್ದಾರೆ. ಇಲ್ಲಿ ಅವರನ್ನ ಬಲ್ಲವರು ಯಾರೂ ಇಲ್ಲವಂತೆ." ತಿರುಗಿ ಗಂಡನ ತಲೆಗೆ ಕೈಚೀಲದಿಂದ ಒಂದು ಬಿಟ್ಟಳು. "ಇದು ನನ್ನ ಕೈಲಿ ಅಟ್ಟದಿಂದ ಸೂಟ್‌ಕೇಸ್ ಇಳಿಸೋ ಹಾಗೆ ಮಾಡಿದ್ದಕ್ಕೆ!"

ಊರಿನ ಜನರೆಲ್ಲರ ನಾಲಗೆ ಏಕಕಾಲಕ್ಕೆ ತಮ್ಮ ತಮ್ಮ ಹುಳುಕು ಹಲ್ಲನ್ನು ತಡಕಿತು. ಗೇಲೆನ್ ದವಡೆ ಹಿಡಿದುಕೊಂಡ. ಆಮೇಲೆ ನಾಚಿಕೆ ಬಂತು.

"ನಾವು ಅವರನ್ನ ಮನೆಗೆ ಕರೀಲೇ ಇಲ್ವಲ್ಲ," ಎಂದಳು ಲವಾನ್.

"ಅವರಿಗೆ ತೊಂದರೆ ಆಗಬಾರ್ದು ಅಂತ," ಎಂದರು ಪಾದ್ರಿ.

"ನೀನು ಕರೆದಿರ್ತೀಯ ಅಂತ ನಾನು ಅಂದ್ಕೊಂಡೆ," ಎಂದ ಗೇಲೆನ್, ಆರ್ವಿಲ್‌ಗೆ.

"ನಾನು ನೀನು ಅಂದ್ಕೊಂಡೆ."

ಈಗ ಹೋಗಬೇಕು ಎಂದು ಎಲ್ಲರಿಗೂ ಅನ್ನಿಸಿತು. ಆದರೆ ಹೇಳದೆ ಕೇಳದೆ ಒಬ್ಬರ ಬಾಗಿಲಿಗೆ ಹೋಗುವುದುಂಟೇ? ಮೊದಲು ಫೋನು ಮಾಡೋಣ ಎಂದ ಗೇಲೆನ್. ಊಟದ ಹೊತ್ತಿಗೆ ಫೋನು ಮಾಡಿದರೆ ಏನಂದುಕೊಳ್ಳುತ್ತಾರೋ ಎಂದಳು ಅಂಚೆಯವಳು. ಒಂದು ಸಮಿತಿ ಮಾಡೋಣ ಎಂದು ಇನ್ಯಾರೋ ಅಂದರು. ಆರ್ಡಿಸ್ ಒಂದು ಹಾಟ್‌ಡಿಶ್ ಎತ್ತಿಕೊಂಡು ಮೆಟ್ಟಿಲು ಹತ್ತಿದಳು. ಮಿಕ್ಕವರು ತಮ್ಮ ತಮ್ಮ ತಟ್ಟೆ ಎತ್ತಿಕೊಂಡು ಹಿಂದೆ ನಡೆದರು.

ಡಾಕ್ಟರ್ ಶುಶಾನ್ ಬಾಗಿಲು ತೆರೆದಾಗ ಕೈಯಲ್ಲಿ ಪುಸ್ತಕ ತುಂಬುವ ರಟ್ಟಿನ ಡಬ್ಬ. ಎದುರಿಗೆ ಊರು. ಪ್ರತಿಯೊಬ್ಬರ ಕೈಯಲ್ಲೂ ಹೊಗೆಯಾಡುವ ತಟ್ಟೆ.

"ಯಾರಾದ್ರೂ ಸತ್ರಾ?" ಎಂದರು ಡಾಕ್ಟರು ಗಾಬರಿಯಿಂದ. ಮೂರು ವರ್ಷದಲ್ಲಿ ಅಷ್ಟು ಕಲಿತಿದ್ದರು.

ಗೇಲೆನ್ ಆಕಾಶ ನೋಡಿ, "ರಾತ್ರಿ ಹಿಮ ಬೀಳ್ಬಹುದು," ಎಂದ. ಆರ್ಡಿಸ್ ಅವನ ಕಾಲು ತುಳಿದಳು.

"ಹೋಗ್ಬೇಡ," ಎಂದಳು ಡಾಕ್ಟರಿಗೆ. "ನೀನು ಹೋದ್ರೆ ನಮಗೆ ಬೇಜಾರಾಗುತ್ತೆ. ಹಲ್ಲಿಗೆ ಮಾತ್ರ ಅಲ್ಲ. ನಿನ್ನನ್ನ ಯಾವತ್ತೋ ಕರೀಬೇಕಿತ್ತು, ಕರೀಲಿಲ್ಲ, ತಪ್ಪು ನಮ್ಮದು. ಈಗ ಕೋಟು ಹಾಕ್ಕೋ. ನಮ್ಮನೆ ಅಡುಗೆಮನೆ ಗಲೀಜಾಗಿದೆ, ಸಿಂಕ್ ತುಂಬ ಪಾತ್ರೆ ಇದೆ. ನಡಿ."

ಶುಶಾನ್ ಡಬ್ಬವನ್ನು ಕೆಳಗಿಟ್ಟರು. ಕೋಟು ಹಾಕಿಕೊಂಡು ಬಂದರು.

ಟಾಲೆಫ್ಸನ್ನರ ಅಡುಗೆಮನೆಯಲ್ಲಿ ಆರು ಜನಕ್ಕೆ ಜಾಗ. ಅಂದು ಊರೇ ನುಗ್ಗಿತು. ಮೇಯರು ಫ್ರಿಜ್ಜಿಗೆ ಒರಗಿದ್ದ, ಪಾದ್ರಿ ಹಿತ್ತಲ ಬಾಗಿಲಲ್ಲಿ ಅರ್ಧ ಒಳಗೆ ಅರ್ಧ ಹೊರಗೆ. ಶುಶಾನ್ ಅವರನ್ನು ಮೇಜಿನ ನಡುವೆ ಕೂರಿಸಿ ಎಲ್ಲರೂ ಬಡಿಸಿದರು. ಅವರು ಒಂದೊಂದು ತಟ್ಟೆಯಿಂದಲೂ ತಿಂದರು. ಎಲ್ಲದರ ರುಚಿಯೂ ಒಂದೇ ಆಗಿತ್ತು, ಹೇಳಲಿಲ್ಲ. ಜನ ಮೊದಲು ಹಿಂಜರಿದು, ಆಮೇಲೆ ಒಬ್ಬರ ಮೇಲೊಬ್ಬರು ಬಿದ್ದು ಪ್ರಶ್ನೆ ಕೇಳಿದರು. ನಿಮ್ಮಮ್ಮ ಏನು ಅಡುಗೆ ಮಾಡ್ತಿದ್ರು? ಅಣ್ಣತಮ್ಮಂದಿರು ಎಷ್ಟು ಜನ? ರಾತ್ರಿ ಒಬ್ಬರೇ ಇರೋಕೆ ಭಯ ಆಗಲ್ವಾ? ಮೂರು ವರ್ಷ ಒಳಗೇ ಇಟ್ಟುಕೊಂಡಿದ್ದ ಕುತೂಹಲ ಒಂದೇ ಸಾಯಂಕಾಲ ಹೊರಬಿತ್ತು. ಊಟವಾದ ಮೇಲೆ ಆರ್ಡಿಸ್ ಪಾತ್ರೆ ತೊಳೆಯಲು ನಿಂತು, ಹಿಂದೆ ತಿರುಗದೆ ಒಂದು ಬಟ್ಟೆಯನ್ನು ಶುಶಾನ್ ಅವರತ್ತ ಎಸೆದಳು.

"ಒರೆಸು," ಎಂದಳು.

ಆ ಊರಿನಲ್ಲಿ ನೆಂಟರ ಕೈಗೆ ಆ ಬಟ್ಟೆ ಕೊಡುವುದಿಲ್ಲ. ಮನೆಯವರಿಗೆ ಮಾತ್ರ. ಶುಶಾನ್ ತಟ್ಟೆಗಳನ್ನು ಒರೆಸಿದರು, ನಡುನಡುವೆ ಅದೇ ಬಟ್ಟೆಯಲ್ಲಿ ಕಣ್ಣು ಒರೆಸಿಕೊಂಡರು. ಕೊನೆಯ ತಟ್ಟೆ ಇಟ್ಟಾದ ಮೇಲೆ ಮೇಜಿನ ಬಳಿ ಹೋಗಿ, ವರ್ಲಿನ್‌ನ ಜೇಬಿನಿಂದ ಪೆನ್ನು ಕಿತ್ತುಕೊಂಡು, ಕಾಗದದ ಕರವಸ್ತ್ರವೊಂದರ ಮೇಲೆ ಬರೆದರು.

"ವರ್ಲಿನ್, ಸೋಮವಾರ ಬಾಗಿಲಿಗೆ ಇದನ್ನ ಅಂಟಿಸ್ತೀನಿ. ಸರಿ ಇದೆಯಾ, ಸಹಜವಾಗಿದೆಯಾ, ನೋಡಿ."

ವರ್ಲಿನ್ ಕನ್ನಡಕ ಹಾಕಿಕೊಂಡ. ಅದರಲ್ಲಿ ಹೀಗಿತ್ತು: "ನಾನು ಎಲ್ಲಿಗೂ ಹೋಗುವುದಿಲ್ಲ, ಎಂದಿನಂತೆ ಹಲ್ಲು ತೋರಿಸಲು ಬನ್ನಿ." ಅವನು ಈ ಸಲ ಅಲ್ಪವಿರಾಮ ಎಲ್ಲಿದೆಯೆಂದು ನೋಡಲಿಲ್ಲ. ಏನು ಹೇಳಿದೆಯೆಂದು ನೋಡಿದ. ಮತ್ತೊಮ್ಮೆ ನೋಡಿದ. ಮರಗಟ್ಟಿದ ತುಟಿ ಕಿವಿಯವರೆಗೆ ಒಂದೇ ಕಡೆ ಹಿಗ್ಗಿತು.

"ಅಇ ಇದೆ," ಎಂದ.

"ಸರಿ ಇದೆಯಂತೆ!" ಎಂದು ಆರ್ಡಿಸ್ ಊರಿಗೆ ಸಾರಿದಳು.

ಮಿಸ್ ಯೂನಿಸ್ ಹೋಲ್ಮ್ ಅವನ ಹೆಗಲ ಮೇಲಿಂದ ಬಗ್ಗಿ ಓದಿ, ಅಭ್ಯಾಸಬಲದಿಂದ ಬೆರಳೆತ್ತಿದರು. "ಎರಡು ತಪ್ಪಿದೆ. ಮೊದಲನೇದು..."

"ಸುಮ್ನಿರಿ ಟೀಚರ್!" ಎಂದು ಇಡೀ ನೋರ್ಬಿ ಲೇಕ್ ಒಂದೇ ಗಂಟಲಿನಲ್ಲಿ ಗದರಿತು.

ಮಿಸ್ ಯೂನಿಸ್ ಬೆರಳು ಮಡಚಿ, ತೆಪ್ಪಗೆ ಕಾಫಿ ಕುಡಿದರು.